ಪರದೇಶಕ್ಕ ಹೋದಾಗ ಅಲ್ಲಿಯವರ ನಾಷ್ಟಾ ಛಲೋದು ಎಲ್ಲಿ ಸಿಗತೈತ್ರಿ? ಅಪ್ಪಾರ ಸಲುವಾಗಿ ಕೇಳಾಕತ್ತೀನಿ

ಸಪ್ತಾಪುರದಾಕಿ (ಧಾರವಾಡ / ಸ್ಟುಟ್‌ಗಾರ್ಟ್)

ಎಲ್ಲಾರಿಗೂ ಶರಣು. ನಾ ಧಾರವಾಡದಾಕಿ, ಆರು ವರ್ಷ ಆತು ಜರ್ಮನಿಯೊಳಗ ಸ್ಟುಟ್‌ಗಾರ್ಟ್‌ನಾಗ ನೌಕರಿ ಮಾಡಾಕತ್ತು. ಈಗ ರಜಾಕ್ಕ ಊರಿಗೆ ಬಂದೀನಿ, ಮೇ ತಿಂಗಳಾಗ ಅಪ್ಪ-ಅವ್ವನ್ನ ಕರ್ಕೊಂಡು ವಾಪಸ್ ಹೊಂಟೀನಿ.

ಹೋದ ಸಲ ಇಬ್ಬರೂ ಬಂದಾಗ ಎರಡು ಸೂಟ್‌ಕೇಸ್ ತುಂಬ ಬರೇ ತಿನ್ನೂ ಸಾಮಾನ ಇತ್ತು. ರವಾ, ಅವಲಕ್ಕಿ, ಚುರುಮರಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮ್ಯಾಲೆ ಐವತ್ತು ಕಟಿರೊಟ್ಟಿ. 80 ದಿನ ಇದ್ರು. 80 ದಿನಾನೂ ಮುಂಜಾನೆ ಉಪ್ಪಿಟ್ಟು, ಅವಲಕ್ಕಿ, ಸುಸಲಾ, ಇವ ಮೂರು ತಿರಗಾ-ಮುರಗಾ. ವಾಪಸ್ ಹೋಗೂ ದಿನ ವಿಮಾನ ನಿಲ್ದಾಣದಾಗ ಒಂದು ಬೇಕರಿ ಮುಂದ ಅಪ್ಪಾರು ನಿಂತಬಿಟ್ರು. ಗಾಜಿನ ಒಳಗ ಜೋಡಿಸಿಟ್ಟ ಬ್ರೆಡ್ಡು ನೋಡಿ, "ಇಷ್ಟು ದಿನ ಇದ್ದೆ, ಈ ಮಂದಿ ಮುಂಜಾನೆ ಎದ್ದು ಏನ ತಿಂತಾರ ಅನ್ನೂದು ತಿಳೀಲಿಲ್ಲ ನೋಡವಾ" ಅಂದ್ರು. ಆ ಮಾತು ಒಂದು ವರ್ಷ ಆತು, ನನ್ನ ಮನಸಿನ್ಯಾಗ ಕುಂತೈತಿ. ಯಾಕಂದ್ರ ನಂಗೂ ಗೊತ್ತಿಲ್ಲ. ನಾ ಒಂದು ಬಾಳೆಹಣ್ಣು, ಒಂದು ಕಾಫಿ ಕುಡದು ಆರೂವರಿಗೆ ಮನಿ ಬಿಡಾಕಿ.

ಈ ಸಲ ಅವರಿಗೆ ಅಲ್ಲಿಯ ನಾಷ್ಟಾ ಅಲ್ಲಿಯವರಂಗ ತಿನಿಸಬೇಕು. ನಡುವ ನಾಲ್ಕು ದಿನ ಪ್ಯಾರಿಸ್‌ಗೂ ಹೋಗೋದೈತಿ. ಅಡಚಣಿ ಹೇಳ್ತೀನಿ: ಇಬ್ಬರೂ ಮಾಂಸ, ಮೀನ, ತತ್ತಿ ತಿನ್ನೂದಿಲ್ಲ. ಅಪ್ಪಾರಿಗೆ ಶುಗರ್ ಐತಿ. ಅವ್ವಾಗ "ಅದ ಹಂಚಿನ ಮ್ಯಾಲೆ ಏನೇನ ಕರದಿರ್ತಾರೋ" ಅನ್ನೋ ಅಂಜಿಕಿ. ಹೋಗಿ ಬಂದವರು, ಅಲ್ಲೇ ಇದ್ದವರು ದಯಮಾಡಿ ಹೇಳ್ರಿ.

ವಿದ್ಯಾನಗರ ಕಾಕಾ (ಹುಬ್ಬಳ್ಳಿ)

ತಂಗಿ, ನಿನ್ನ ಕಳಕಳಿ ಖರೇನ ಐತಿ, ಆದ್ರ ನನ್ನ ಅನುಭವ ಕೇಳು. ನಮ್ಮಲ್ಲಿ ಬ್ರೆಡ್ ಅಂದ್ರ ಜ್ವರ ಬಂದವರಿಗೆ ಹಾಲಿನ್ಯಾಗ ಅದ್ದಿ ಕೊಡೂದು. ಆರಾಮ ಇದ್ದ ಮನಿಷಾ ಅದನ್ನ ತಿಂದು ಮಧ್ಯಾಹ್ನದ ತನಕ ಹೆಂಗ ಇರಬೇಕು?

ನಾವು ಗಂಡ-ಹೆಂಡತಿ ಟೂರ್‌ನವರ ಕೂಡ 12 ದಿನ ಯುರೋಪ್ ಹೋಗಿದ್ವಿ. ದಿನಾ ಹೊಟೇಲ್ನಾಗ ನಾಷ್ಟಾ. ಮೂವತ್ತು ತರದ್ದು ಇಟ್ಟಿರ್ತಾರ, ನಮಗ ತಿನ್ನಾಕ ಬರೂವು ಐದು. ಒಂದು ಊರಿನ ಹೊಟೇಲ್ನಾಗ ಸೊಪ್ಪು ತುಂಬಿದ ಪಫ್ ಅಂತ ತಿಳಕೊಂಡು ನಮ್ಮ ಮನಿಯವರು ಒಂದು ತಗೊಂಡ್ರು. ಅರ್ಧ ತಿಂದಿದ್ರು, ಒಳಗ ಗುಲಾಬಿ ಬಣ್ಣದ ಚೂರು ಕಂಡ್ವು. ಹಂದಿ ಮಾಂಸ. ಹೆಸರು ಬರದ ಚೀಟಿ ಸೈತ ಇಟ್ಟಿರಲಿಲ್ಲ. ಆಕಿ ಆ ದಿನ ನೀರು ಬಿಟ್ರ ಏನೂ ಮುಟ್ಟಲಿಲ್ಲ, ರಾತ್ರಿ ಅಳಕೋತ ಮಲಗಿದ್ಲು. ಹಿರಿಯಾರನ್ನ ಕರ್ಕೊಂಡು ಹೋಗಾಕತ್ತೀದಿ, ಅವಲಕ್ಕಿ ಕಟ್ಟಿಕೊಂಡ ಹೋಗು.

ಬೆಟಗೇರಿ ಸಿಸ್ಟರ್ (ಗದಗ / ಲೀಡ್ಸ್)

ಕಾಕಾರ, ಕಾಕಿಯವರಿಗೆ ಆಗಿದ್ದು ಓದಿ ಭಾಳ ಕೆಟ್ಟ ಅನಿಸ್ತು. ಆದ್ರ ಒಂದು ಮಾತು ಹೇಳ್ತೀನ್ರಿ. ಹೊಟೇಲ್ನಾಗ ಸಾಲಾಗಿ ಇಟ್ಟಿದ್ದು ಯಾವ ಊರಿನ ನಾಷ್ಟಾನೂ ಅಲ್ಲ. ಹುಬ್ಬಳ್ಳಿಗೆ ಬಂದಾಂವ ದೊಡ್ಡ ಹೊಟೇಲ್ನಾಗ ಇಳದು, ಅಲ್ಲಿ ಬಿಸಿ ಪೆಟ್ಟಿಗ್ಯಾಗ ಇಟ್ಟಿದ್ದ ಉಪ್ಪಿಟ್ಟು ತಿಂದು ಹೋದ್ರ ಅವಂಗ ನಮ್ಮ ಗಿರ್ಮಿಟ್ ರುಚಿ ತಿಳದಂಗ ಆತೇನ್ರಿ? ಗಾಡಿ ಮುಂದ ನಿಂತು, ಪೇಪರಿನ ಮ್ಯಾಲೆ ಹಾಕಿಸ್ಕೊಂಡು, ಕೂಡ ಮಿರ್ಚಿ ಕಚ್ಚಿದಾಗ ಅದು ಹುಬ್ಬಳ್ಳಿ. ಅಲ್ಲಿನೂ ಹಂಗ. ಮುಂಜಾನೆ ಕೆಲಸಕ್ಕ ಹೋಗೂ ಮಂದಿ ಎಲ್ಲಿ ನಿಲ್ಲತಾರ, ಅಲ್ಲಿ ಹೋಗಬೇಕು.

ನಾ ಇಂಗ್ಲೆಂಡಿನ ಲೀಡ್ಸ್‌ನಾಗ ಆಸ್ಪತ್ರಿಯೊಳಗ ನರ್ಸ್. ನೈಟ್ ಡ್ಯೂಟಿ ಮುಗಿಸಿ ಎಂಟಕ್ಕ ಹೊರಗ ಬಂದಾಗ ಎದರಿಗೆ ಒಂದು ಸಣ್ಣ ಕೆಫೆ ಐತಿ. ಇಂಥ ಕೆಫೆಗೆ ಅಲ್ಲಿ ಮಂದಿ ಪ್ರೀತಿಲಿ ಗ್ರೀಸಿ ಸ್ಪೂನ್ ಅಂತಾರ. ಕಟ್ಟಡ ಕೆಲಸದವರು, ಡ್ರೈವರ್‌ಗಳು, ನಮ್ಮಂಥ ನರ್ಸ್‌ಗಳು. ಫುಲ್ ಇಂಗ್ಲಿಷ್ ಅಂದ್ರ ತಾಟಿನ ತುಂಬ ತತ್ತಿ, ಬೇಕನ್, ಸಾಸೇಜ್, ಬೀನ್ಸ್, ಸುಟ್ಟ ಟೊಮೆಟೊ, ಅಣಬಿ, ಟೋಸ್ಟ್. ಬ್ಲ್ಯಾಕ್ ಪುಡಿಂಗ್ ಅಂತ ಒಂದು ಇರತೈತಿ, ಪುಡಿಂಗ್ ಅನ್ನೋ ಹೆಸರು ಕೇಳಿ ಸಿಹಿ ಅಂತ ತಿಳೀಬ್ಯಾಡ್ರಿ, ಅದು ಹಂದಿ ರಕ್ತದ್ದು. ನಾ ಹೇಳೂದು ಬೀನ್ಸ್, ಟೊಮೆಟೊ, ಅಣಬಿ, ಹ್ಯಾಶ್ ಬ್ರೌನ್ (ತುರದು ಕರದ ಬಟಾಟಿ), ಎರಡು ಟೋಸ್ಟ್, ಮತ್ತ "ಬ್ಯಾರೆ ಪ್ಯಾನಿನ್ಯಾಗ ಮಾಡ್ರಿ". ಒಂದು ಸಲಾನೂ ಮಾರಿ ಸಿಂಡರಸಿಲ್ಲ ಅವರು. ಮ್ಯಾಲೆ ಹಾಕ್ಕೊಳ್ಳಾಕ ಬ್ರೌನ್ ಸಾಸ್ ಅಂತ ಕಂದು ಬಾಟಲಿ ಇರತೈತಿ, ಅದರಾಗ ಹುಣಸಿಹಣ್ಣು ಹಾಕಿರ್ತಾರ! ಮೊದಲ ಸಲ ತಿಂದಾಗ ಯಾಕೋ ಮನಿ ನೆನಪಾತು. ಬಾಜೂಕ ವೂಸ್ಟರ್‌ಶೈರ್ ಸಾಸ್ ಇದ್ರ ಮುಟ್ಟಬ್ಯಾಡ್ರಿ, ಅದರಾಗ ಮೀನ ಇರತೈತಿ.

ಅಕ್ಕಾರ, ಎಲ್ಲಕ್ಕಿಂತ ಮುಖ್ಯ ಇದು. ಆ ಕಡೆ ವೆಜಿಟೇರಿಯನ್ ಅಂದ್ರ ತತ್ತಿ ತಿಂತಾರಂತ ಲೆಕ್ಕ. 1847ರಾಗ ಇಂಗ್ಲೆಂಡಿನ್ಯಾಗ ವೆಜಿಟೇರಿಯನ್ ಸೊಸೈಟಿ ಶುರು ಆಗೈತಿ, ಆ ಶಬ್ದ ಅವರಿಗೆ ಹೊಸಾದಲ್ಲ, ಆದ್ರ ಅರ್ಥ ನಮ್ಮದಲ್ಲ. ನಮ್ಮ ಪಾಕೀಟಿನ ಮ್ಯಾಲಿನ ಹಸರು ಚುಕ್ಕಿನೂ ಅಲ್ಲಿಲ್ಲ. ಅದಕ್ಕ ವೀಗನ್ ಅಂತ ಬರದದ್ದು ಹುಡುಕ್ರಿ. ಅದರಾಗ ತತ್ತಿ ಇರಂಗಿಲ್ಲ, ಹಾಲೂ ಇರಂಗಿಲ್ಲ. ಬೆಣ್ಣಿ ನಾವು ಮ್ಯಾಲೆ ಹಚ್ಚಿಕೊಂಡ್ರ ಆತು.

ಮಾಳಮಡ್ಡಿ ರಾಯರು (ಧಾರವಾಡ)

ಸಿಸ್ಟರ್ ಹೇಳಿದ್ದು ಸರಿ ಅದ. ಪ್ಯಾರಿಸ್ ವಿಷಯ ನಾನು ಬರೀತೇನೆ. ಮಗಳು ಫ್ರಾನ್ಸಿನ ಲಿಯೋನ್‌ದಾಗ ಓದತಿದ್ದಳು, ನಾವು ಎರಡು ಸಲ ಹೋಗಿ ಬಂದೇವಿ. ನಮ್ಮ ಮನಿಯೊಳಗ ಉಳ್ಳಾಗಡ್ಡಿ-ಬಳ್ಳೊಳ್ಳಿನೂ ವಾರದಾಗ ಕೆಲವು ದಿನ ಇರೂದಿಲ್ಲ, ಅಂಥವರು ನಾವು ಆರಾಮಾಗಿ ನಾಷ್ಟಾ ಮಾಡೇವಿ.

ಕ್ರೋಸಾಂ ಅನ್ನೋ ಪದರು ಪದರಿನ ಬನ್ನು ನೋಡಿ ಮರುಳಾಗಬ್ಯಾಡವಾ. ಅದರ ಮೈ ಹೊಳೆಯೂದು ಮ್ಯಾಲೆ ಸವರಿದ ತತ್ತಿಯಿಂದ. ಬ್ರಿಯೋಶ್ ಅನ್ನೋದರೊಳಗಂತೂ ಹಿಟ್ಟಿಗೇ ತತ್ತಿ ಹಾಕತಾರ. ನಿಮ್ಮ ತಂದೆಯವರಿಗೆ ಬೇಕಾದದ್ದು ಬಗೆಟ್, ಅಂದ್ರ ಕೋಲಿನಂಥ ಉದ್ದನ್ನ ಬ್ರೆಡ್ಡು. ಬೇಕರಿಯೊಳಗ "ಟ್ರಾಡಿಸಿಯೋಂ" ಅಂತ ಕೇಳ್ರಿ. ಆ ಹೆಸರಿನ ಬ್ರೆಡ್ಡಿಗೆ ಹಿಟ್ಟು, ನೀರು, ಉಪ್ಪು, ಹುದುಗು, ಇಷ್ಟ ಮೂಲ ಅಂತ 1993ರಲ್ಲಿ ಫ್ರಾನ್ಸ್ ಸರಕಾರ ನಿಯಮ ಮಾಡ್ಯದ. ತತ್ತಿ, ಕೊಬ್ಬು ಯಾವುದೂ ಇಲ್ಲ. 2022ರಲ್ಲಿ ಬಗೆಟ್ ಮಾಡುವ ಕಸಬನ್ನ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸ್ತು.

ತಿನ್ನುವ ರೀತಿ ಹಿಂಗ: ಉದ್ದಕ ಸೀಳಿ, ಬೆಣ್ಣಿ ಹಚ್ಚಿ, ಬಟ್ಟಲಿನಂಥ ದೊಡ್ಡ ಕಪ್ಪಿನ ಹಾಲು-ಕಾಫಿಯೊಳಗ ಅದ್ದಿ ತಿನ್ನೂದು. ಮಗಳ ಮನಿಯ ಒಡತಿ, ಎಂಬತ್ತು ದಾಟಿದಾಕಿ, ದಿನಾ ಹಂಗೇ ತಿಂತಿದ್ದಳು. ಕಾಫಿಯ ಮ್ಯಾಲೆ ಬೆಣ್ಣಿಯ ಸಣ್ಣ ಸಣ್ಣ ಕಣ್ಣು ತೇಲತಿದ್ದವು. ನಮ್ಮ ಅಜ್ಜಿ ಚಹಾದಾಗ ಟೋಸ್ಟ್ ಅದ್ದಿ ತಿನ್ನುವಾಗ ಬೀಳೂದರೊಳಗ ಲಗೂನ ಬಾಯಿಗೆ ಹಾಕ್ಕೋತಿದ್ದಳು, ಈಕಿಯ ಕೈಯೂ ಅಷ್ಟೇ ಚುರುಕು.

ಇನ್ನೊಂದು: ಅಂಗಡಿ ಹೊಕ್ಕ ಕೂಡ್ಲೆ ಮೊದಲು "ಬೋಂಜೂರ್" ಅನ್ರಿ, ಆಮ್ಯಾಲೆ ಬೇಕಾದದ್ದು ಕೇಳ್ರಿ. ನಮಸ್ಕಾರ ಇಲ್ಲದ ನೇರವಾಗಿ ಕೇಳಿದ್ರ ಅವರಿಗೆ ಮರ್ಯಾದಿ ಕಡಿಮಿ ಆದಂಗ ಅನಿಸ್ತದ.

ಹಾನಗಲ್ಲ ತಮ್ಮ (ಹಾವೇರಿ ಜಿಲ್ಲಾ / ಅಟ್ಲಾಂಟಾ)

ಅಕ್ಕಾರ, ನಿಮ್ಮ ಪ್ರವಾಸಕ್ಕ ಸಂಬಂಧ ಇಲ್ಲ, ಆದ್ರೂ ಬರೀಲಿಕ್ಕೇಬೇಕು ಅನಿಸ್ತು.

ನಾ ಅಮೆರಿಕಾದ ಜಾರ್ಜಿಯಾ ರಾಜ್ಯದಾಗ ಇದ್ದೀನಿ. ಬಂದ ಹೊಸದಾಗ ಜೊತಿ ಕೆಲಸ ಮಾಡಾಂವ ಒಬ್ಬ ಮುಂಜಾನೆ ಡೈನರ್‌ಗೆ ಕರ್ಕೊಂಡು ಹೋದ. ನಾ ಮಾಂಸ-ತತ್ತಿ ತಿನ್ನೂದಿಲ್ಲ ಅಂದಿದ್ದಕ್ಕ "ಗ್ರಿಟ್ಸ್ ತಗೋ" ಅಂದ. ಒಂದು ವಾಟಿಯೊಳಗ ಬೆಳ್ಳಗಿಂದು ಬಂತು, ಹೊಗಿ ಆಡಾಕತ್ತಿತ್ತು, ನಡುವ ಬೆಣ್ಣಿ ಕರಗಾಕತ್ತಿತ್ತು. ಒಂದು ಚಮಚಾ ಬಾಯಿಗೆ ಇಟ್ಟೆ ನೋಡ್ರಿ, ನುಚ್ಚು! ಗೊಂಜಾಳ ನುಚ್ಚು! ನಮ್ಮ ಹೊಲದಾಗ ಎಷ್ಟು ಗೊಂಜಾಳ ಬೆಳೀತೀವಿ, ಎಲ್ಲಾ ಕೋಳಿ ಫೀಡಿಗೆ ಹೋಗತೈತಿ, ನಾವು ಮನಿಯೊಳಗ ನುಚ್ಚು ಮಾಡೂದು ಬಿಳಿಜೋಳದ್ದು. ಇಲ್ಲಿ ಅದನ್ನ ರಾಜ್ಯದ ಅಧಿಕೃತ ಅಡಿಗಿ ಅಂತ 2002ರಾಗ ಘೋಷಣಾ ಮಾಡ್ಯಾರ. ಮಜ್ಜಿಗಿ ಸಿಗತೈತಿ ಏನು ಅಂತ ಕೇಳಿದೆ. ಬಟರ್‌ಮಿಲ್ಕ್ ಐತಿ, ಆದ್ರ ಅದು ಹಿಟ್ಟು ಕಲಸಾಕ ಅಂದ್ಲು ಬಡಿಸಾಕಿ. ಒಂದು ಗ್ಲಾಸ್ ಕೊಡ್ರಿ ಅಂತ ತಗೊಂಡು ಸುರಕೊಂಡು ತಿಂದೆ. ಆಕಿ ನಿಂತು ನೋಡಿ, ತಾನೂ ಮನಿಗೆ ಹೋಗಿ ಹಂಗ ತಿಂದು ನೋಡ್ತೀನಿ ಅಂದ್ಲು.

ಈ ಕಡೆ ಯಾರಾದ್ರೂ ಬಂದ್ರ: ಪ್ಯಾನ್‌ಕೇಕ್, ವಾಫಲ್ ಎರಡರಾಗೂ ತತ್ತಿ ಇರತೈತಿ. ಬಿಸ್ಕಿಟ್ ಅಂದ್ರ ನಮ್ಮ ಬಿಸ್ಕಿಟ್ ಅಲ್ಲ, ಮೆತ್ತನ್ನ ಬನ್ನಿನಂಥದ್ದು. ಅದರ ಮ್ಯಾಲೆ ಸುರಿಯೂ ಬಿಳಿ ಗ್ರೇವಿ ಹಂದಿ ಸಾಸೇಜಿಂದು. ಮೇಪಲ್ ಪಾಕ ಮಾತ್ರ ಶುದ್ಧ ಗಿಡದ್ದು. 40 ಲೀಟರ್ ಗಿಡದ ರಸ ಕುದಿಸಿದ್ರ ಸುಮಾರು ಒಂದು ಲೀಟರ್ ಆಗತೈತಿ. ಆಲಿಮನಿ ಬೆಲ್ಲದ ಕೊಪ್ಪರಿಗಿ ಮುಂದ ನಿಂತವರಿಗೆ ಆ ಕೆಲಸದ ಕಿಮ್ಮತ್ತು ಗೊತ್ತ ಐತಿ.

ಕೇಶ್ವಾಪುರದಾಂವ (ಹುಬ್ಬಳ್ಳಿ)

ಅಕ್ಕಾರ, ನಾ ಎಂಟು ವರ್ಷ ಎಸ್ಲಿಂಗನ್‌ದಾಗ ಇದ್ದೆ, ನಿಮ್ಮ ಸ್ಟುಟ್‌ಗಾರ್ಟಿಗೆ ಹತ್ತಿಕೊಂಡ ಊರು. ಹೋದ ವರ್ಷ ಊರಿಗೆ ಬಂದೆ. ನಿಮ್ಮ ಅಪ್ಪಾರಿಗೆ ಬೇಕಾದದ್ದು ನಿಮ್ಮ ಓಣಿ ತುದಿಗೇ ಐತಿ. ಬುಟರ್‌ಬ್ರೆಟ್ಸೆಲ್, ಅಂದ್ರ ಗಂಟಿನಂಗ ಹೆಣದ ಬ್ರೆಡ್ಡಿನೊಳಗ ಬೆಣ್ಣಿ ಇಟ್ಟದ್ದು.

ಬ್ರೆಟ್ಸೆಲ್ ಜರ್ಮನಿ ತುಂಬ ಸಿಗತೈತಿ, ಆದ್ರ ಶ್ವಾಬಿಯಾದ್ದು, ಅಂದ್ರ ನಿಮ್ಮ ಸೀಮಿದು, ಬ್ಯಾರೇನ. ಅದಕ್ಕ ತೋಳು ಅದಾವ, ಹೊಟ್ಟಿ ಐತಿ. ತೋಳು ಸಣ್ಣಗ, ಚಕ್ಕಲಿ ಹಂಗ ಕಟಂ ಅನ್ನಬೇಕು. ಹೊಟ್ಟಿ ದಪ್ಪ, ಮೆತ್ತಗ, ನಡುವ ಚಾಕು ಎಳದ ಗೆರಿ ಬಾಯಿ ಬಿಟ್ಟಿರಬೇಕು. ಬೇಯಿಸೂಕಿಂತ ಮೊದಲ ಹಿಟ್ಟನ್ನ ಕ್ಷಾರದ ನೀರಾಗ ಅದ್ದತಾರ, ಆ ಕಂದು ಬಣ್ಣ, ಆ ವಾಸನಿ ಅದರಿಂದ ಬರತೈತಿ. ಏಳರೊಳಗ ಹೋಗ್ರಿ, ಬಿಸಿ ಇರ್ತಾವ. ಮಧ್ಯಾಹ್ನ ಆದ್ರ ತೊಗಲಾಗತೈತಿ, ಅದನ್ನ ತಿಂದು ಇಷ್ಟ ಏನು ಅನ್ನಬಾರದು.

ಆದ್ರ ಒಂದು ಎಚ್ಚರ. ಶ್ವಾಬಿಯಾದ ಹಳೇ ಪದ್ಧತಿಯೊಳಗ ಬ್ರೆಟ್ಸೆಲ್ ಹಿಟ್ಟಿಗೆ ಹಂದಿ ಕೊಬ್ಬು ಹಾಕತಾರ. ಅದಕ್ಕ "ಶ್ಮಾಲ್ಟ್ಸ್" ಅಂತಾರ. ಈಗ ಬೆಣ್ಣಿ ಇಲ್ಲಾ ಎಣ್ಣಿ ಹಾಕಾವರು ಭಾಳ ಅದಾರ. ಕೇಳಲಾರದ ತಗೋಬ್ಯಾಡ್ರಿ. ನಾ ಎರಡು ಬೇಕರಿ ಬಿಟ್ಟು ಮೂರನೇದು ಹಿಡದೆ, ಆಮ್ಯಾಲೆ ಎಂಟು ವರ್ಷ ಅದ ಒಂದಕ್ಕ ಹೋದೆ.

ಶುಗರ್ ಇದ್ದವರಿಗೆ ಬಿಳಿ ಬ್ರೆಡ್ಡು, ಜಾಮ್, ಹಣ್ಣಿನ ರಸ ಮೂರೂ ಕೂಡಿದ್ರ ಕಷ್ಟ. ಓಟ್ಸ್, ಹಣ್ಣು ಕಲಸಿದ ಡಬ್ಬಿ ಮ್ಯೂಸ್ಲಿನೂ ನೋಡಿ ತಗೊಳ್ರಿ, ಸಕ್ರಿ ಭಾಳ ಹಾಕಿರ್ತಾರ. 1900ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಡಾಕ್ಟರ್ ಬಿರ್ಷರ್-ಬೆನ್ನರ್ ರೋಗಿಗಳಿಗೆ ಕೊಟ್ಟ ಮ್ಯೂಸ್ಲಿಯೊಳಗ ಹೆಚ್ಚಿಂದು ತುರದ ಸೇಬು, ನೆನಸಿದ ಓಟ್ಸ್ ಒಂದ ಚಮಚಾ ಅಷ್ಟ. ಅದನ್ನ ಮನಿಯೊಳಗ ಮಾಡಬಹುದು. ಬೇಕರಿಯೊಳಗ "ರೋಗನ್‌ಬ್ರೋಟ್" ಕೇಳ್ರಿ, ರೈ ಅನ್ನೋ ಧಾನ್ಯದ ಹಿಟ್ಟಿಂದು, ಹುಳಿ ಹಿಟ್ಟಿನಿಂದ ಮಾಡಿದ್ದು. ಕರ್ರಗ, ಭಾರಿ. ಕಾಕಾರ, ಎರಡು ಹೋಳು ತಿನ್ರಿ, ಮಧ್ಯಾಹ್ನ ಒಂದರ ತನಕ ಹಸಿವು ಆದ್ರ ನನ್ನ ಕೇಳ್ರಿ. ಅದರ ಮ್ಯಾಲೆ ಕ್ವಾರ್ಕ್ ಹಚ್ಚೂದು. ಶ್ರೀಖಂಡಕ್ಕ ಮೊಸರು ಕಟ್ಟಿ ತೂಗ ಹಾಕಿ ಚಕ್ಕಾ ತಗೀತೀವಲ್ಲ, ಬಹುತೇಕ ಅದ. ಚೀಸ್ ಆದ್ರ ಪಾಕೀಟಿನ ಮ್ಯಾಲೆ "ಮಿಕ್ರೋಬಿಯೆಲೆಸ್ ಲಾಬ್" ಅಂತ ಇದ್ದದ್ದು ತಗೊಳ್ರಿ, ಅಂದ್ರ ಹಾಲು ಹೆಪ್ಪುಗಟ್ಟಿಸೂ ಪದಾರ್ಥ (ಲಾಬ್) ಸೂಕ್ಷ್ಮಜೀವಿಯಿಂದ ತಗದದ್ದು. ಬರೇ "ಲಾಬ್" ಅಂದ್ರ ಕರುವಿನ ಹೊಟ್ಟಿಂದ ತಗದದ್ದು ಇರಬಹುದು.

ಭಾನುವಾರ ಅಂಗಡಿ ಬಂದ್. ಬೇಕರಿ ಮುಂಜಾನೆ ಕೆಲವ ತಾಸು ತಗದಿರ್ತಾವ. ಆ ದಿನ ಜಡಿ ಹಂಗ ಹೆಣದ ಸಿಹಿ ಬ್ರೆಡ್ಡು ಮಾರತಾರ, ಅದಕ್ಕ ತತ್ತಿ ಬಳದಿರ್ತಾರ.

ವಿದ್ಯಾನಗರ ಕಾಕಾ

ಎಲ್ಲಾ ಓದಿದೆ. ಮನಿಯವರಿಗೂ ಓದಿ ಹೇಳಿದೆ. ಇನ್ನ ಚಹಾದ್ದು ಹೇಳ್ರಿ. ಬಿಸಿನೀರಾಗ ಒಂದು ಚೀಲ ಇಳಿಬಿಟ್ಟು ಕೊಟ್ಟಿದ್ದನ್ನ ನಾವು 12 ದಿನ ಕುಡದೇವಿ.

ಬೆಟಗೇರಿ ಸಿಸ್ಟರ್

ಚಹಾ ಮನಿಯೊಳಗ ಕುಡದ ಹೊರಗ ಬೀಳೂದ್ರಿ ಕಾಕಾರ. ಚಹಾಪುಡಿ, ಯಾಲಕ್ಕಿ ಒಯ್ಯಾಕ ತೊಂದ್ರಿಲ್ಲ. ಆದ್ರ ಧಾರವಾಡ ಫೇಡಾ ಕಟ್ಟಿಕೊಂಡು ಹೋಗಬ್ಯಾಡ್ರಿ. ಯುರೋಪಿನೊಳಗ, ಬ್ರಿಟನ್‌ದಾಗ ಭಾರತದಿಂದ ಹಾಲಿನ ಪದಾರ್ಥ ಒಯ್ಯಾಕ ಪರವಾನಗಿ ಇಲ್ಲ. ನಮ್ಮವ್ವ ಕಟ್ಟಿ ಕೊಟ್ಟಿದ್ದ ಎರಡು ಕಿಲೋ ನನ್ನ ಕಣ್ಣ ಮುಂದ ಕಸದ ಡಬ್ಬಿಗೆ ಹೋತು.

ಸಪ್ತಾಪುರದಾಕಿ (ಜುಲೈ ಕಡೀ ವಾರ)

ಎಲ್ಲಾರಿಗೂ ಮತ್ತೊಮ್ಮೆ ಶರಣು. ಅಪ್ಪ-ಅವ್ವ ಹೋದ ವಾರ ಧಾರವಾಡಕ್ಕ ಮುಟ್ಟಿದ್ರು. ಬರೀತೀನಿ ಅಂತ ಮಾತು ಕೊಟ್ಟಿದ್ದೆ.

ಮೊದಲ ಎರಡು ಬೇಕರಿಯೊಳಗ ಶ್ಮಾಲ್ಟ್ಸ್ ಐತಿ ಅಂದ್ರು. ಮುಚ್ಚುಮರಿ ಮಾಡಲಾರದ ಹೇಳಿದ್ದು ಛಲೋ ಅನಿಸ್ತು. ಮೂರನೇದು ಸಿಕ್ತು, ಮನಿಯಿಂದ ಹತ್ತು ನಿಮಿಷದ ಹಾದಿ. ಎದುರು ನಿಂತ ಹೆಣ್ಮಗಳು ಬ್ರೆಟ್ಸೆಲ್ ಹೊಟ್ಟಿ ಸೀಳಿ, ಬೆಣ್ಣಿಯ ಗಟ್ಟಿ ಹೋಳು ಕೊಯ್ದು ಒಳಗ ಇಟ್ಟಳು. ಅಪ್ಪಾರು ಅದನ್ನ ಕಣ್ಣ ಮಿಟುಕಿಸಲಾರದ ನೋಡಿದ್ರು. "ಹಚ್ಚಲಿಲ್ಲ ನೋಡು, ಇಟ್ಟಳು" ಅಂದ್ರು. ಅಲ್ಲೇ ನಿಂತ ತಿಂದ್ರು. ಮ್ಯಾಲಿನ ಉಪ್ಪಿನ ಹರಳು ಬಿಪಿ ಸಲುವಾಗಿ ಉಗುರಿಲೆ ಒಂದೊಂದಾಗಿ ತಗದು ಕಾಗದದ ಮ್ಯಾಲೆ ಇಟ್ರು. ಮೂರನೇ ದಿನದಿಂದ ಆಕಿನ ಉಪ್ಪು ಇಲ್ಲದ್ದು ಹುಡುಕಿ ತಗದ ಇಡಾಕ ಹತ್ತಿದ್ಲು, ನಾವು ಕೇಳಿರಲಿಲ್ಲ.

ಆಮ್ಯಾಲೆ ಅಪ್ಪಾರು ಒಬ್ಬರ ಹೋಗಾಕ ಶುರು ಮಾಡಿದ್ರು. ಬಟ್ಟಿ ಚೀಲ, ಒಂದಿಷ್ಟು ಚಿಲ್ಲರ. ಅಲ್ಲಿ ಮಂದಿ ಮುಂಜಾನೆ "ಗ್ರ್ಯೂಸ್ ಗಾಟ್" ಅಂತಾರ, ಅದರಾಗ ದೇವರ ಹೆಸರು ಐತಿ ಅಂತ ತಿಳದ ಮ್ಯಾಲೆ ಅವರಿಗೆ ಭಾಳ ಸೇರಿತು. ಮೂವತ್ತು ವರ್ಷ ಕನ್ನಡ ಕಲಿಸಿದವರು ಅವರು, ಓದಿದ್ದು ಕಿಟೆಲ್ ಕಾಲೇಜಿನ್ಯಾಗ. ಟ್ಯೂಬಿಂಗನ್‌ಗೂ ಕರ್ಕೊಂಡು ಹೋಗಿದ್ದೆ. 1894ರ ಕನ್ನಡ ನಿಘಂಟಿನ ಕಿಟೆಲ್‌ರು 1903ರಾಗ ತೀರಿಕೊಂಡಿದ್ದು ಅದ ಊರಾಗ. ನೆಕ್ಕಾರ್ ಹೊಳಿ ದಂಡಿ ಮ್ಯಾಲೆ ಕುಂತು ರೈ ಬ್ರೆಡ್ಡು, ಕ್ವಾರ್ಕ್ ತಿಂದ್ವಿ. "ಧಾರವಾಡದಾಗ ಇರೂವಾಗ ಆ ಮನಿಷಾಗ ಇದರ ನೆನಪು ಎಷ್ಟು ಆಗಿದ್ದೀತು" ಅಂದ್ರು ಅಪ್ಪಾರು. ಆಮ್ಯಾಲೆ ಭಾಳೊತ್ತು ಮಾತಾಡಲಿಲ್ಲ.

ಅವ್ವಾಗ ಬ್ರೆಟ್ಸೆಲ್ ಸೇರಲಿಲ್ಲ. ರೋಗನ್‌ಬ್ರೋಟ್ ಮೂಸಿ ನೋಡಿ "ಅಂಬಲಿ ವಾಸನಿ ಬರತೈತಿ" ಅಂದ್ಲು. ಅದನ್ನ ಮನಿ ಹಂಚಿನ ಮ್ಯಾಲೆ ತುಪ್ಪ ಹಾಕಿ ಕಾಸಿ, ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ದಿನಾ ತಿಂದ್ಲು. ಜಾಮ್ ತಿಂದ ದಿನ ಅಪ್ಪಾರ ಶುಗರ್ ಏರಿತ್ತು, ಈ ಬ್ರೆಡ್ಡು ತಿಂದ ದಿನ ಅಷ್ಟು ಏರಲಿಲ್ಲ. ಪ್ಯಾರಿಸ್‌ನಾಗ ರಾಯರು ಹೇಳಿದಂಗ ಕಾಫಿಯೊಳಗ ಬಗೆಟ್ ಅದ್ದಿದ್ವಿ, ನನ್ನದು ಬಿತ್ತು, ಅವ್ವಂದು ಬೀಳಲಿಲ್ಲ. ಬಟ್ಟಿ ಚೀಲ ಅಡಿಗಿಮನಿ ಬಾಗಲಾ ಹಿಂದ ಅಪ್ಪಾರು ತೂಗಹಾಕಿದ ಜಾಗಾದಾಗ ಐತಿ. ಈಗ ಶನಿವಾರ ನಾನ ಹೋಗಿ ತರತೀನಿ.

ವಿದ್ಯಾನಗರ ಕಾಕಾ

ಛಲೋ ಆತು ತಂಗಿ, ಓದಿ ಭಾಳ ಹಿಗ್ಗಾತು. ಮಗಾ ಮ್ಯೂನಿಕ್‌ಗೆ ಹೊಂಟಾನ, ದೀಪಾವಳಿ ಆದ ಮ್ಯಾಲೆ ನಮ್ಮನ್ನೂ ಬರ್ರಿ ಅಂತಾನ. ಮನಿಯವರು ಬರಾಕ ಒಪ್ಪ್ಯಾರ, ಆದ್ರ ಬೇಕರಿಯೊಳಗ ಏನ ಕೇಳಬೇಕು ಅನ್ನೂದು ಕನ್ನಡದಾಗ ಬರದ ಕೊಟ್ರ ಮಾತ್ರ ಅಂತ. ಅಪ್ಪಾರಿಗೆ ಬರದ ಕೊಟ್ಟ ಚೀಟಿ ಇದ್ರ ಇಲ್ಲಿ ಹಾಕು.

ಸಪ್ತಾಪುರದಾಕಿ

ಹಾಕ್ತೀನ್ರಿ ಕಾಕಾರ. ಅಪ್ಪಾರು ಕಿಸೆದಾಗ ಇಟ್ಟಕೊಂಡಿದ್ದು ಇಷ್ಟ:

"ವೀರ್ ಎಸ್ಸನ್ ಕೈನ್ ಫ್ಲೈಶ್, ಕೈನನ್ ಫಿಶ್ ಉಂಟ್ ಕೈನೆ ಐಯರ್." ನಾವು ಮಾಂಸ, ಮೀನ, ತತ್ತಿ ತಿನ್ನೂದಿಲ್ಲ.

"ಇಸ್ಟ್ ದಾ ಶ್ಮಾಲ್ಟ್ಸ್ ದ್ರಿನ್?" ಇದರಾಗ ಹಂದಿ ಕೊಬ್ಬು ಐತೇನು?

"ನೈನ್" ಅಂದ್ರ ಇಲ್ಲ. ಅಂದಮ್ಯಾಲೆ "ತ್ಸ್ವೈ, ಬಿಟ್ಟೆ" ಅನ್ರಿ, ಎರಡು ಕೊಡ್ರಿ ಅಂತ. ಕಾಕಿಯವರಿಗೆ ಉಪ್ಪು ಇಲ್ಲದ್ದು ಬೇಕಾದ್ರ "ಓನೆ ಸಾಲ್ಟ್ಸ್".